ಕೋನದ ಲೆಕ್ಕ: ಅಂಕಿ ಸರಿ, ಅಳತೆ ಬೇರೆ

ಓದುಗರ ಪ್ರಶ್ನೆಗಳಿಗೆ ಉತ್ತರ

ಡಿಗ್ರಿ, ರೇಡಿಯನ್, ಗ್ರೇಡ್ ಇವುಗಳ ಪರಿವರ್ತನೆಯ ಬಗ್ಗೆ ಬಂದ ಪತ್ರಗಳನ್ನೆಲ್ಲ ಒಟ್ಟಿಗೆ ಓದಿದಾಗ ಒಂದು ವಿಷಯ ಎದ್ದು ಕಾಣುತ್ತದೆ. ಸೂತ್ರ ಗೊತ್ತಿಲ್ಲದೆ ತಪ್ಪಿದವರು ಕಡಿಮೆ. ಪರದೆಯ ಮೇಲಿರುವ ಅಂಕಿ ಯಾವ ಅಳತೆಯದ್ದು, ಅದನ್ನು ಯಾವ ಕ್ರಮದಲ್ಲಿ ಬರೆದಿದ್ದಾರೆ ಎಂದು ನೋಡದೆ ತಪ್ಪಿದವರೇ ಹೆಚ್ಚು. ಅದಕ್ಕೇ ಈ ಸಲ ಸೂತ್ರಕ್ಕಿಂತ ಪರೀಕ್ಷೆ ಮಾಡಿಕೊಳ್ಳುವ ಬಗೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಒಂದು ಪೂರ್ತಿ ಸುತ್ತು ಎಂದರೆ 360 ಡಿಗ್ರಿ, 400 ಗ್ರೇಡ್, 2ಪೈ ಅಂದರೆ 6.2832 ರೇಡಿಯನ್. ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡು. ಇಷ್ಟು ನೆನಪಿದ್ದರೆ ಮುಂದಿನದೆಲ್ಲ ಗುಣಾಕಾರ, ಭಾಗಾಕಾರ ಮಾತ್ರ.

ಪ್ರಶ್ನೆ: ಜಮೀನಿನ ಪಂಪ್‌ಸೆಟ್ಟಿಗೆ ಸೋಲಾರ್ ಪ್ಯಾನೆಲ್ ಕೂರಿಸುತ್ತಿದ್ದೇವೆ. ಪ್ಯಾನೆಲ್ಲಿನ ಉದ್ದ 2 ಮೀಟರ್, 13 ಡಿಗ್ರಿ ವಾಲಿಸಬೇಕು ಎಂದಿದ್ದಾರೆ. ಹಿಂದಿನ ಕಾಲು ಮುಂದಿನದಕ್ಕಿಂತ ಎಷ್ಟು ಎತ್ತರ ಇರಬೇಕೆಂದು ಮಗ ಮೊಬೈಲಿನಲ್ಲಿ ಲೆಕ್ಕ ಹಾಕಿದರೆ 84 ಸೆಂ.ಮೀ. ಬಂತು. ವೆಲ್ಡಿಂಗ್‌ನವರು 45 ಸಾಕು ಎನ್ನುತ್ತಾರೆ. ಯಾರ ಮಾತು ಕೇಳುವುದು?
— ಒಬ್ಬ ರೈತ, ತುಮಕೂರು ಜಿಲ್ಲೆ

ಉತ್ತರ: ವೆಲ್ಡಿಂಗ್‌ನವರ ಮಾತೇ ಸರಿ. ನಿಮ್ಮ ಮಗ ಹಾಕಿದ ಸೂತ್ರದಲ್ಲೂ ತಪ್ಪಿಲ್ಲ. ಪ್ಯಾನೆಲ್ಲಿನ ಉದ್ದವನ್ನು ಸೈನ್ 13ರಿಂದ ಗುಣಿಸಬೇಕು, ಅದನ್ನೇ ಮಾಡಿದ್ದಾರೆ. ಆದರೆ ಮೊಬೈಲಿನ ಕ್ಯಾಲ್ಕುಲೇಟರ್ ರೇಡಿಯನ್ ಮೋಡಿನಲ್ಲಿತ್ತು. 13 ಡಿಗ್ರಿಯ ಸೈನ್ 0.22495, ಅದಕ್ಕೆ 2000 ಮಿ.ಮೀ. ಗುಣಿಸಿದರೆ 450 ಮಿ.ಮೀ. 13 ರೇಡಿಯನ್ನಿನ ಸೈನ್ 0.42017, ಗುಣಿಸಿದರೆ 840. ಇಲ್ಲಿ ಅಪಾಯ ಏನೆಂದರೆ, 840 ಎಂಬ ಉತ್ತರ ನೋಡುವುದಕ್ಕೆ ಅಸಂಬದ್ಧವಾಗಿಲ್ಲ. ಅದೇ ಮೋಡಿನಲ್ಲಿ 14 ಒತ್ತಿದ್ದರೆ 1981 ಮಿ.ಮೀ. ಬಂದು, ಪ್ಯಾನೆಲ್ ಗೋಡೆಯಂತೆ ನೆಟ್ಟಗೆ ನಿಲ್ಲಬೇಕಾಗುತ್ತಿತ್ತು, ತಪ್ಪು ಆಗಲೇ ಗೊತ್ತಾಗುತ್ತಿತ್ತು. 13ಕ್ಕೆ ಬಂದ ತಪ್ಪು ಉತ್ತರ ಮಾತ್ರ ಸುಮ್ಮನೆ ನಂಬುವ ಹಾಗಿದೆ. ಆ 84 ಸೆಂ.ಮೀ. ಇಟ್ಟಿದ್ದರೆ ವಾಲಿಕೆ ಸುಮಾರು 25 ಡಿಗ್ರಿ ಆಗುತ್ತಿತ್ತು.

ಲೆಕ್ಕಕ್ಕೆ ಕೂರುವ ಮೊದಲು ಪ್ರತಿ ಸಲ ಸೈನ್ 30 ಒತ್ತಿ ನೋಡಿ. 0.5 ಬಂದರೆ ಡಿಗ್ರಿ ಮೋಡು. ಮೈನಸ್ 0.988 ಬಂದರೆ ರೇಡಿಯನ್. 0.454 ಬಂದರೆ ಗ್ರೇಡ್. ಪರದೆಯ ಮೂಲೆಯ ಸಣ್ಣ ಅಕ್ಷರವನ್ನು ನಂಬುವುದಕ್ಕಿಂತ ಇದು ಗಟ್ಟಿ. ಕೆಲವು ಫೋನುಗಳಲ್ಲಿ ಆ ಗುಂಡಿಯ ಮೇಲೆ ಕಾಣುವುದು ಈಗಿರುವ ಮೋಡಲ್ಲ, ಒತ್ತಿದರೆ ಬದಲಾಗುವ ಮೋಡು. ಬಹಳ ಜನ ಎಡವುವುದು ಅಲ್ಲೇ. ಮೋಡು ಬದಲಿಸಲು ಬರದಿದ್ದರೆ ಡಿಗ್ರಿಯನ್ನು 0.0174533ರಿಂದ ಗುಣಿಸಿ, ಬಂದ ಅಂಕಿಗೆ ಸೈನ್ ಒತ್ತಿ. 13ಕ್ಕೆ 0.22689 ಬರುತ್ತದೆ, ಅದರ ಸೈನ್ 0.22495.

ಕೂರಿಸಿದ ಮೇಲೆ ಟೇಪು ಹಿಡಿದು ಪ್ಯಾನೆಲ್ಲಿನ ಮೇಲಂಚು, ಕೆಳಂಚುಗಳ ಎತ್ತರ ಅಳೆಯಿರಿ. ನೆಲ ಇಳಿಜಾರಾಗಿದ್ದರೆ ನೆಲದಿಂದ ಅಳೆಯಬಾರದು. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ಹಿಡಿದು ಅಲ್ಲಿಂದ ಅಳೆಯಬೇಕು. ಸೈನ್ ಬದಲು ಟ್ಯಾನ್ ಹಾಕಿದರೆ 462 ಬರುತ್ತದೆ, ಕೋನದಲ್ಲಿ ಸುಮಾರು 0.35 ಡಿಗ್ರಿ ವ್ಯತ್ಯಾಸ. ಪ್ಯಾನೆಲ್ಲಿಗೆ ಅದೇನೂ ದೊಡ್ಡದಲ್ಲ. ಮೋಡಿನ ತಪ್ಪು ಹಾಗಲ್ಲ.

ಪ್ರಶ್ನೆ: ಬಲೆ ಸಿಕ್ಕಿಹಾಕಿಕೊಳ್ಳುವ ಕಲ್ಲಿನ ಜಾಗವನ್ನು ಇನ್ನೊಂದು ಬೋಟಿನವರು ವೈರ್‌ಲೆಸ್ಸಿನಲ್ಲಿ ‘13 20 50, 74 30 45’ ಎಂದು ಹೇಳಿದರು. ನಮ್ಮ ಜಿಪಿಎಸ್‌ಗೆ ಹಾಗೇ ಹಾಕಿಕೊಂಡೆವು. ಆ ಜಾಗ ತಪ್ಪಿಸಿ ಬಲೆ ಬಿಟ್ಟರೂ ಬಲೆ ಹರಿಯಿತು. ಅವರು ಹೇಳಿದ್ದು ಸುಳ್ಳೇ, ನಮ್ಮ ಯಂತ್ರ ಕೆಟ್ಟಿದೆಯೇ?
— ಬೋಟ್ ಮಾಲೀಕರು, ಮಲ್ಪೆ

ಉತ್ತರ: ಎರಡೂ ಅಲ್ಲದಿರುವ ಸಾಧ್ಯತೆ ಹೆಚ್ಚು. ಅಕ್ಷಾಂಶ, ರೇಖಾಂಶ ಬರೆಯಲು ಮೂರು ಕ್ರಮಗಳಿವೆ. ಮೂರರಲ್ಲೂ ಅಂಕಿಗಳನ್ನು ಜೋಡಿಜೋಡಿಯಾಗಿ ಓದಿದರೆ ಕೇಳಲು ಒಂದೇ ಥರ ಇರುತ್ತವೆ.

ಮೊದಲನೆಯದು ಡಿಗ್ರಿ, ನಿಮಿಷ, ಸೆಕೆಂಡು: 13°20′50″. ಎರಡನೆಯದು ಡಿಗ್ರಿ ಮತ್ತು ದಶಮಾಂಶ ನಿಮಿಷ: 13°20.50′. ಸಮುದ್ರದ ಮೇಲಿನ ಜಿಪಿಎಸ್ ಮತ್ತು ಪ್ಲಾಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಮೂರನೆಯದು ದಶಮಾಂಶ ಡಿಗ್ರಿ, ಮೊಬೈಲಿನ ನಕ್ಷೆಯಲ್ಲಿ ಕಾಣುವುದು: 13.34167° ಎಂಬ ರೀತಿ.

ಆ ಬೋಟಿನವರು ಹೇಳಿದ್ದು 20.50 ನಿಮಿಷ ಎಂದಿಟ್ಟುಕೊಳ್ಳಿ. ಪಾಯಿಂಟಿನ ಆಚೆಯ 0.50 ನಿಮಿಷ ಎಂದರೆ ಅರ್ಧ ನಿಮಿಷ, ಅಂದರೆ 30 ಸೆಕೆಂಡು. ನೀವು ಹಾಕಿದ್ದು 50 ಸೆಕೆಂಡು. ವ್ಯತ್ಯಾಸ 20 ಸೆಕೆಂಡು. ಅಕ್ಷಾಂಶದ ಒಂದು ನಿಮಿಷ ಎಂದರೆ ಒಂದು ನಾಟಿಕಲ್ ಮೈಲು, 1852 ಮೀಟರ್. 20 ಸೆಕೆಂಡು ಅದರ ಮೂರನೇ ಒಂದು ಭಾಗ, 617 ಮೀಟರ್. ರೇಖಾಂಶದಲ್ಲೂ ಇದೇ ಆಯಿತು: 30.45 ನಿಮಿಷ ಎಂದರೆ 30′27″, ನೀವು ಹಾಕಿದ್ದು 30′45″. ವ್ಯತ್ಯಾಸ 18 ಸೆಕೆಂಡು. ರೇಖಾಂಶದ ನಿಮಿಷ ಧ್ರುವದ ಕಡೆ ಹೋದಂತೆ ಕಿರಿದಾಗುತ್ತದೆ. ಮಲ್ಪೆಯ ಅಕ್ಷಾಂಶದಲ್ಲಿ ಅದು ಸುಮಾರು 1802 ಮೀಟರ್, ಹಾಗಾಗಿ 18 ಸೆಕೆಂಡಿಗೆ 540 ಮೀಟರ್. ಎರಡೂ ಸೇರಿ ನಿಮ್ಮ ಗುರುತು ನಿಜವಾದ ಕಲ್ಲಿನಿಂದ ಸುಮಾರು 820 ಮೀಟರ್ ಈಶಾನ್ಯಕ್ಕೆ ಬಿದ್ದಿದೆ. ಅದೇ ಅಂಕಿಯನ್ನು 13.2050 ಡಿಗ್ರಿ ಎಂದು ಹಾಕಿದ್ದರೆ ಅಕ್ಷಾಂಶ ಒಂದರಲ್ಲೇ ತಪ್ಪು 8 ನಾಟಿಕಲ್ ಮೈಲು ದಾಟುತ್ತಿತ್ತು.

ಒಂದರಿಂದ ಇನ್ನೊಂದಕ್ಕೆ ಹೋಗುವುದು ಸುಲಭ. ದಶಮಾಂಶ ಡಿಗ್ರಿಯಿಂದ ಶುರು ಮಾಡಿ: ಬೆಂಗಳೂರಿನ ಅಕ್ಷಾಂಶ 12.9716 ತೆಗೆದುಕೊಳ್ಳಿ. ಪೂರ್ಣಾಂಕ 12 ಡಿಗ್ರಿ. ಉಳಿದ 0.9716ಕ್ಕೆ 60 ಗುಣಿಸಿ, 58.296. ಇಲ್ಲಿಗೆ ನಿಲ್ಲಿಸಿದರೆ ಬೋಟಿನ ಕ್ರಮ: 12°58.296′. ಮತ್ತೆ 0.296ಕ್ಕೆ 60 ಗುಣಿಸಿದರೆ 17.8: 12°58′17.8″. ಹಿಂದಕ್ಕೆ ಬರಲು ಸೆಕೆಂಡನ್ನು 60ರಿಂದ ಭಾಗಿಸಿ ನಿಮಿಷಕ್ಕೆ ಸೇರಿಸಿ, ಆ ಮೊತ್ತವನ್ನು 60ರಿಂದ ಭಾಗಿಸಿ ಡಿಗ್ರಿಗೆ ಸೇರಿಸಿ.

ಬೇರೆಯವರು ಕೊಟ್ಟ ಅಂಕಿಯಲ್ಲಿ ಕೊನೆಯ ಜೋಡಿ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಉದಾಹರಣೆಗೆ 13 20 85, ಅದು ಸೆಕೆಂಡು ಆಗಿರಲು ಸಾಧ್ಯವೇ ಇಲ್ಲ, ಬೋಟಿನವರು ಹೇಳಿದ್ದಾದರೆ ಬಹುಮಟ್ಟಿಗೆ ದಶಮಾಂಶ ನಿಮಿಷ. ಆದರೆ 60ಕ್ಕಿಂತ ಕಡಿಮೆ ಇದ್ದ ಮಾತ್ರಕ್ಕೆ ಸೆಕೆಂಡು ಎಂದು ತಿಳಿಯಬೇಡಿ. ನಿಮಗೆ ಆದದ್ದು ಅದೇ. ವೈರ್‌ಲೆಸ್ಸಿನಲ್ಲಿ ಹೇಳುವಾಗ ‘ಇಪ್ಪತ್ತು ಪಾಯಿಂಟ್ ಐದು ಸೊನ್ನೆ ಮಿನಿಟ್’ ಎಂದು ಪಾಯಿಂಟ್ ಎಂಬ ಶಬ್ದವನ್ನು ಬಿಡದೆ ಹೇಳುವ ರೂಢಿ ಬೋಟ್ ನಡೆಸುವ ಎಲ್ಲ ತಾಂಡೇಲರಿಗೂ ಬರಬೇಕು. ಯಂತ್ರದ ಸೆಟ್ಟಿಂಗಿನಲ್ಲಿ ಪೊಸಿಷನ್ ಫಾರ್ಮ್ಯಾಟ್ ಏನಿದೆ ಎಂದು ಒಮ್ಮೆ ನೋಡಿ, ಜೊತೆಗೆ ಹೋಗುವ ಬೋಟುಗಳೆಲ್ಲ ಒಂದೇ ಕ್ರಮ ಇಟ್ಟುಕೊಳ್ಳಿ. ಕಲ್ಲಿನ ಜಾಗಕ್ಕೆ ದಶಮಾಂಶ ನಿಮಿಷದ ಮೂರು ಸ್ಥಾನ ಹೇಳಿದರೆ ಸಾಕು. 0.001 ನಿಮಿಷ ಎಂದರೆ 1.85 ಮೀಟರ್.

ಪ್ರಶ್ನೆ: ಟೋಟಲ್ ಸ್ಟೇಷನ್ನಿನಿಂದ (ಕೋನ, ದೂರ ಎರಡನ್ನೂ ಅಳೆಯುವ ಸರ್ವೆ ಉಪಕರಣ) ಇಳಿಸಿಕೊಂಡ ಫೈಲಿನಲ್ಲಿ ಕೋನ 77.3540 ಎಂದಿತ್ತು. ಎಕ್ಸೆಲ್ಲಿನಲ್ಲಿ ಹಾಗೇ ಬಳಸಿದೆ. ಟ್ರಾವರ್ಸ್ ಮುಚ್ಚಿಕೊಳ್ಳಲಿಲ್ಲ, ಅಂದರೆ ಒಂದರ ಹಿಂದೊಂದು ಅಳೆದ ಗೆರೆಗಳು ಸುತ್ತಿ ಬಂದು ಹೊರಟ ಬಿಂದುವಿಗೆ ಸೇರಲಿಲ್ಲ. ಉಪಕರಣದ ದೋಷ ಎಂದು ಬರೆಯಬಹುದೇ?
— ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬರೆಯಬೇಡಿ. ಸರ್ವೆ ಉಪಕರಣಗಳಲ್ಲಿ 77.3540 ಎಂದರೆ ಬಹಳ ಸಲ 77 ಡಿಗ್ರಿ 35 ನಿಮಿಷ 40 ಸೆಕೆಂಡು. ಪಾಯಿಂಟಿನ ನಂತರದ ಮೊದಲೆರಡು ಅಂಕಿ ನಿಮಿಷ, ಮುಂದಿನೆರಡು ಸೆಕೆಂಡು. ಇದು ದಶಮಾಂಶವೇ ಅಲ್ಲ, ಟೈಪ್ ಮಾಡಲು ಅನುಕೂಲವಾಗಲಿ ಎಂದು ಮಾಡಿಕೊಂಡ ಬರಹ. ನಿಜವಾದ ದಶಮಾಂಶ ಬೆಲೆ 77 + 35/60 + 40/3600, ಅಂದರೆ 77.5944. ನೀವು ಬಳಸಿದ್ದಕ್ಕೂ ಇದಕ್ಕೂ 0.2404 ಡಿಗ್ರಿ ವ್ಯತ್ಯಾಸ. 100 ಮೀಟರ್ ಗೆರೆಯ ತುದಿಯಲ್ಲಿ ಇದು 42 ಸೆಂ.ಮೀ. ಅಷ್ಟಾದರೆ ಟ್ರಾವರ್ಸ್ ಹೇಗೆ ಮುಚ್ಚಿಕೊಂಡೀತು?

ಫೈಲಿನ ಕೋನಗಳನ್ನೆಲ್ಲ ಒಮ್ಮೆ ಕಣ್ಣಾಡಿಸಿ. ಪಾಯಿಂಟಿನ ನಂತರದ ಎರಡು ಜೋಡಿಗಳಲ್ಲಿ ಎಲ್ಲಿಯೂ 60 ಮುಟ್ಟಿದ ಅಂಕಿ ಇಲ್ಲದಿದ್ದರೆ, ಹತ್ತಿಪ್ಪತ್ತು ಕೋನಗಳಲ್ಲೂ ಹಾಗೇ ಇದ್ದರೆ, ಅದು ನಿಮಿಷ-ಸೆಕೆಂಡಿನ ಬರಹವೇ. ಒಂದಾದರೂ 77.7235 ಥರದ್ದು ಸಿಕ್ಕರೆ ದಶಮಾಂಶ ಡಿಗ್ರಿ.

ಹಳೆಯ ಯೂರೋಪಿನ ಉಪಕರಣ ಕೈಗೆ ಬಂದರೆ ಇನ್ನೊಂದು ಸಾಧ್ಯತೆ ಇದೆ, ಗ್ರೇಡ್ ಅಥವಾ ಗಾನ್. ದೂರದರ್ಶಕವನ್ನು ಮಟ್ಟಕ್ಕೆ ತಂದು ಲಂಬ ಕೋನದ ಓದಿಕೆ ನೋಡಿ. ನೆತ್ತಿಯಿಂದ ಅಳೆಯುವ ಸೆಟ್ಟಿಂಗಿನಲ್ಲಿ ಸುಮಾರು 90 ತೋರಿಸಿದರೆ ಡಿಗ್ರಿ, 100 ಆದರೆ ಗಾನ್, 1600 ಆದರೆ ಮಿಲ್ (ಪೂರ್ತಿ ಸುತ್ತಿಗೆ 6400 ಭಾಗ ಮಾಡುವ ಅಳತೆ). ಗಾನನ್ನು 0.9ರಿಂದ ಗುಣಿಸಿದರೆ ದಶಮಾಂಶ ಡಿಗ್ರಿ. ಈ ಅಳತೆ 1790ರ ದಶಕದ ಫ್ರಾನ್ಸಿನಲ್ಲಿ ಮೀಟರ್ ಜೊತೆಯಲ್ಲೇ ಬಳಕೆಗೆ ಬಂತು. ಧ್ರುವದಿಂದ ಸಮಭಾಜಕಕ್ಕೆ ಒಂದು ಕೋಟಿ ಮೀಟರ್, ಅದೇ ಕಾಲು ಸುತ್ತಿಗೆ 100 ಗ್ರೇಡ್. ಹಾಗಾಗಿ ಭೂಮಿಯ ಮೇಲೆ ಒಂದು ಗ್ರೇಡಿನ ನೂರನೇ ಒಂದು ಭಾಗ ಸರಿಯಾಗಿ ಒಂದು ಕಿಲೋಮೀಟರ್ ಆಗಬೇಕೆಂಬುದು ಅವರ ಎಣಿಕೆ. ನಾವಿಕರ ಮೈಲು ಡಿಗ್ರಿಯ ನಿಮಿಷದಿಂದ ಹುಟ್ಟಿದರೆ, ಕಿಲೋಮೀಟರ್ ಗ್ರೇಡಿನಿಂದ ಹುಟ್ಟಿದೆ. ಎಷ್ಟು ಚೆಂದದ ಜೋಡಣೆ! ನೂರರ ಲೆಕ್ಕವಾದ್ದರಿಂದ ಕೂಡುವುದು, ಕಳೆಯುವುದು ಸಲೀಸು. ಸರ್ವೆಯವರ ಮಟ್ಟಿಗೆ ಇದೇ ಅನುಕೂಲದ ಅಳತೆ ಎಂಬುದು ನಮ್ಮ ಅಭಿಪ್ರಾಯ.

ಡಿಗ್ರಿಯಲ್ಲಿ ಕೈಯಾರೆ ಕಳೆಯುವಾಗ 180°ಯನ್ನು ಮೊದಲು 179°59′60″ ಎಂದು ಬಿಡಿಸಿ ಬರೆದುಕೊಳ್ಳಿ. ಅದರಿಂದ 67°48′35″ ಕಳೆದರೆ 112°11′25″, ಎಲ್ಲಿಯೂ ದಶಕ ತರುವ ಗೊಂದಲವಿಲ್ಲ. ಋಣ ಕೋನದಲ್ಲಿ ಎಡವುವ ಜಾಗ ಇನ್ನೊಂದಿದೆ. ಮೈನಸ್ 12°30′ ಎಂದರೆ ಮೈನಸ್ 12.5. ಎಕ್ಸೆಲ್ಲಿನಲ್ಲಿ ಡಿಗ್ರಿ ಕೋಶದಲ್ಲಿ ಮಾತ್ರ ಮೈನಸ್ ಹಾಕಿ ನಿಮಿಷ ಕೂಡಿದರೆ ಮೈನಸ್ 11.5 ಆಗುತ್ತದೆ. ಮೈನಸ್ 0°15′ ಆದರಂತೂ ಸೊನ್ನೆಗೆ ಚಿಹ್ನೆ ನಿಲ್ಲದೆ ಕೋನವೇ ಧನವಾಗಿಬಿಡುತ್ತದೆ. ಚಿಹ್ನೆಗೆ ಬೇರೆಯೇ ಒಂದು ಕೋಶ ಇಟ್ಟು, ಡಿಗ್ರಿ-ನಿಮಿಷ-ಸೆಕೆಂಡು ಕೂಡಿದ ಮೇಲೆ ಮೊತ್ತಕ್ಕೆ 1 ಅಥವಾ ಮೈನಸ್ 1 ಗುಣಿಸಿ.

ಹಿಂದಕ್ಕೆ ಪರಿವರ್ತಿಸುವಾಗ 45°29′60″ ಎಂಬ ವಿಚಿತ್ರ ಉತ್ತರ ಬರುವುದೂ ಉಂಟು. 45.49999 ಡಿಗ್ರಿಯಲ್ಲಿ ನಿಮಿಷ 29.9994, ಉಳಿದದ್ದು 59.964 ಸೆಕೆಂಡು. ಕೊನೆಯಲ್ಲಿ ದುಂಡಾಗಿಸಿದರೆ 60. ಮೊದಲೇ 3600 ಗುಣಿಸಿ ಎಲ್ಲವನ್ನೂ ಸೆಕೆಂಡಿಗೆ ತನ್ನಿ: 163799.964. ಅಲ್ಲೇ 163800 ಎಂದು ದುಂಡಾಗಿಸಿ, ಆಮೇಲೆ 3600ರಿಂದ, ಶೇಷವನ್ನು 60ರಿಂದ ಭಾಗಿಸಿ. 45°30′00″ ಸಿಗುತ್ತದೆ.

ಸೆಕೆಂಡಿನ ಮಟ್ಟಕ್ಕೆ ಇಷ್ಟು ಎಚ್ಚರ ಏಕೆ ಎಂದರೆ, 1 ಕಿಲೋಮೀಟರ್ ದೂರದಲ್ಲಿ 1 ಸೆಕೆಂಡು ಎಂದರೆ 4.85 ಮಿ.ಮೀ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಿಂದ ಶುರು ಮಾಡಿದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ಬಳಸಿದ ದೊಡ್ಡ ಥಿಯೊಡೊಲೈಟಿನ (ಕೋನ ಅಳೆಯುವ ಉಪಕರಣ) ಅಡ್ಡ ವೃತ್ತದ ವ್ಯಾಸ 36 ಇಂಚು. ಅಷ್ಟು ದೊಡ್ಡ ಹಿತ್ತಾಳೆ ಚಕ್ರದ ಅಂಚಿನಲ್ಲೂ ಒಂದು ಸೆಕೆಂಡು ಹಿಡಿಯುವ ಜಾಗ ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗಕ್ಕಿಂತ ಚೂರು ಹೆಚ್ಚು.

ಪ್ರಶ್ನೆ: 6 ರೇಡಿಯನ್ನನ್ನು ಡಿಗ್ರಿಗೆ ಬದಲಿಸಿದರೆ ಪಠ್ಯದ ಉತ್ತರ 343°38′11″. ಕ್ಯಾಲ್ಕುಲೇಟರ್ 343°46′29″ ತೋರಿಸುತ್ತದೆ. ಯಾವುದು ಸರಿ?
— ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಕ್ಯಾಲ್ಕುಲೇಟರಿನದು ನಿಖರ. ಪಠ್ಯದ ಲೆಕ್ಕದಲ್ಲಿ ಪೈ ಬದಲು 22/7 ಹಾಕಿದ್ದಾರೆ. 6ಕ್ಕೆ 180 ಗುಣಿಸಿ 22/7ರಿಂದ ಭಾಗಿಸಿದರೆ 343.63636, ಅದನ್ನು ಬಿಡಿಸಿದರೆ ಪಠ್ಯದ ಉತ್ತರ. 22/7 ನಿಜವಾದ ಪೈಗಿಂತ ಸುಮಾರು 2500ರಲ್ಲಿ ಒಂದು ಭಾಗ ಹೆಚ್ಚು. 343 ಡಿಗ್ರಿಯಲ್ಲಿ ಅಷ್ಟು ಭಾಗ ಎಂದರೆ 8 ನಿಮಿಷ 18 ಸೆಕೆಂಡು. ಹಾಗಾಗಿ 22/7 ಹಾಕಿ ಸೆಕೆಂಡಿನವರೆಗೆ ಉತ್ತರ ಬರೆಯುವುದರಲ್ಲಿ ಅರ್ಥವಿಲ್ಲ. ನಿಮಿಷದ ಸ್ಥಾನವೇ ತಪ್ಪಿರುವಾಗ ಸೆಕೆಂಡಿಗೆ ಏನು ಬೆಲೆ? ಪರೀಕ್ಷೆಯಲ್ಲಿ ಪ್ರಶ್ನೆ 22/7 ಬಳಸಿ ಎಂದರೆ ಹಾಗೇ ಮಾಡಿ, ‘ಸುಮಾರು’ ಎಂಬ ಚಿಹ್ನೆ ಹಾಕಿ. ಬೇರೆ ಕಡೆ 1 ರೇಡಿಯನ್ = 57.29578 ಡಿಗ್ರಿ ಅಥವಾ 57°17′45″ ಬಳಸಿ.

ರೇಡಿಯನ್ ಎಂದರೆ ತ್ರಿಜ್ಯದಷ್ಟೇ ಉದ್ದದ ಕಂಸ ಕೇಂದ್ರದಲ್ಲಿ ಮಾಡುವ ಕೋನ. ಆ ಹೆಸರು ಅಚ್ಚಿನಲ್ಲಿ ಕಂಡದ್ದು 1873ರಲ್ಲಿ, ಬೆಲ್‌ಫಾಸ್ಟಿನ ಜೇಮ್ಸ್ ಥಾಮ್ಸನ್ ತೆಗೆದ ಪರೀಕ್ಷೆಯ ಪ್ರಶ್ನೆಗಳಲ್ಲಿ. ಆದರೆ ಆ ವಿಚಾರ ನಮ್ಮ ಗಣಿತಕ್ಕೆ ಹಳೆಯದು. ಆರ್ಯಭಟ ಕ್ರಿ.ಶ. 499ರ ಸುಮಾರಿಗೆ ಕೊಟ್ಟ ಜ್ಯಾ ಕೋಷ್ಟಕದಲ್ಲಿ (ಜ್ಯಾ ಎಂದರೆ ತ್ರಿಜ್ಯದಿಂದ ಗುಣಿಸಿದ ಸೈನ್) ವೃತ್ತದ ತ್ರಿಜ್ಯ 3438. ಈ ಅಂಕಿ ಎಲ್ಲಿಂದ ಬಂತು? ಪೂರ್ತಿ ಸುತ್ತಿಗೆ 360 ಸಲ 60, ಅಂದರೆ 21600 ಕಲೆ; ಕಲೆ ಎಂದರೆ ಕೋನದ ನಿಮಿಷ. ಪರಿಧಿ 21600 ಇರುವ ವೃತ್ತಕ್ಕೆ ತ್ರಿಜ್ಯ ಎಷ್ಟು ಎಂದು ಅವನದೇ ಪೈ ಬೆಲೆಯಾದ 62832/20000 ಹಾಕಿ ನೋಡಿ, 3437.74 ಬರುತ್ತದೆ. ಒಂದು ರೇಡಿಯನ್ನಿನಲ್ಲಿರುವ ನಿಮಿಷಗಳ ಸಂಖ್ಯೆಯೂ ಅದೇ! ತ್ರಿಜ್ಯವನ್ನೂ ಕಂಸವನ್ನೂ ಒಂದೇ ಅಳತೆಯಲ್ಲಿ ಎಣಿಸಿದ್ದರಿಂದ, ಕೋಷ್ಟಕದ ಮೊದಲ ಹೆಜ್ಜೆಯಾದ 3°45′, ಅಂದರೆ 225 ಕಲೆಗೆ ಜ್ಯಾ ಕೂಡ 225. ಸಣ್ಣ ಕೋನದಲ್ಲಿ ಸೈನ್ ಮತ್ತು ಕೋನ ಒಂದೇ ಆಗುವುದು ರೇಡಿಯನ್ನಿನ ಗುಣ. ಕಲನಶಾಸ್ತ್ರದಲ್ಲಿ ಡಿಗ್ರಿ ಬಿಟ್ಟು ರೇಡಿಯನ್ ಹಿಡಿಯುವುದು ಇದಕ್ಕೇ. ಡಿಗ್ರಿಯಲ್ಲೇ ಅವಕಲಿಸಿದರೆ ಪ್ರತಿ ಹೆಜ್ಜೆಗೂ 0.0174533 ಬಾಲದಂತೆ ಅಂಟಿಕೊಂಡು ಬರುತ್ತದೆ.

ಪ್ರಶ್ನೆ: ಪಂಚಾಂಗದಲ್ಲಿ ಘಳಿಗೆಯೂ ಇದೆ, ಅಂಶ-ಕಲೆಯೂ ಇದೆ. ಕಾಲದ ನಿಮಿಷಕ್ಕೂ ಕೋನದ ನಿಮಿಷಕ್ಕೂ ಏನು ಸಂಬಂಧ?
— ಗೃಹಿಣಿ, ಶಿರಸಿ

ಉತ್ತರ: ಹೆಸರು ಒಂದೇ, ಅಳತೆ ಬೇರೆ. ಪಂಚಾಂಗದ ಅಂಶ ಎಂದರೆ ಡಿಗ್ರಿ, ಕಲೆ ಎಂದರೆ ಕೋನದ ನಿಮಿಷ. ಭೂಮಿ 24 ಗಂಟೆಯಲ್ಲಿ 360 ಅಂಶ ತಿರುಗುತ್ತದೆ ಎಂದು ಹಿಡಿದರೆ ಒಂದು ಗಂಟೆಗೆ 15 ಅಂಶ, ಒಂದು ಅಂಶಕ್ಕೆ 4 ನಿಮಿಷ ಕಾಲ, ಕಾಲದ ಒಂದು ನಿಮಿಷಕ್ಕೆ 15 ಕಲೆ. ಘಳಿಗೆ 24 ನಿಮಿಷವಾದ್ದರಿಂದ ಒಂದು ಘಳಿಗೆಗೆ 6 ಅಂಶ, ಘಳಿಗೆಯ 60ನೇ ಒಂದು ಭಾಗವಾದ ವಿಘಳಿಗೆಗೆ 6 ಕಲೆ. ದಿನಕ್ಕೆ 60 ಘಳಿಗೆ, ಸುತ್ತಿಗೆ 360 ಅಂಶ, ಅಂಶಕ್ಕೆ 60 ಕಲೆ, ಎಲ್ಲವೂ 60ರ ಮನೆಯವೇ ಆದ್ದರಿಂದ ಘಳಿಗೆಯ ಲೆಕ್ಕ ಗಂಟೆಯ ಲೆಕ್ಕಕ್ಕಿಂತ ನುಣುಪು. ಆಕಾಶದ ಹಂಚಿಕೆಯೂ ಹೀಗೇ: ರಾಶಿಗೆ 30 ಅಂಶ, ನಕ್ಷತ್ರಕ್ಕೆ 13 ಅಂಶ 20 ಕಲೆ, ನಕ್ಷತ್ರದ ಕಾಲು ಭಾಗವಾದ ಪಾದಕ್ಕೆ 3 ಅಂಶ 20 ಕಲೆ. ಸೂರ್ಯ-ಚಂದ್ರರ ನಡುವಿನ ಅಂತರ 12 ಅಂಶ ಬೆಳೆದರೆ ಒಂದು ತಿಥಿ.

ಒಂದು ಲೆಕ್ಕ ಮಾಡಿ ನೋಡೋಣ. ನಮ್ಮ ಗಡಿಯಾರ 82°30′ ರೇಖಾಂಶಕ್ಕೆ ಹೊಂದಿಸಿದ್ದು. 82.5ಕ್ಕೆ 4 ಗುಣಿಸಿದರೆ 330 ನಿಮಿಷ, ಅದೇ ಐದೂವರೆ ಗಂಟೆ. ಬೆಂಗಳೂರಿನ ರೇಖಾಂಶ 77°35′. ವ್ಯತ್ಯಾಸ 4°55′. 4 ಅಂಶಕ್ಕೆ 16 ನಿಮಿಷ, 55 ಕಲೆಗೆ 3 ನಿಮಿಷ 40 ಸೆಕೆಂಡು, ಒಟ್ಟು 19 ನಿಮಿಷ 40 ಸೆಕೆಂಡು. ಅಲ್ಲಿ ಸರಾಸರಿ ನಡುಹಗಲು ಗಡಿಯಾರದ 12 ಗಂಟೆ 19 ನಿಮಿಷ 40 ಸೆಕೆಂಡಿಗೆ. ಸೂರ್ಯ ವರ್ಷವಿಡೀ ಒಂದೇ ಸಮನೆ ನಡೆಯದ ಕಾರಣ ನವೆಂಬರ್ ಮೊದಲ ವಾರ ಅದು ಸುಮಾರು 12.03ಕ್ಕೂ ಫೆಬ್ರವರಿ ನಡುವೆ 12.34ಕ್ಕೂ ಸರಿಯುತ್ತದೆ. ಶಿರಸಿ ಬೆಂಗಳೂರಿಗಿಂತ ಪಶ್ಚಿಮಕ್ಕಿದೆ. ನಿಮ್ಮ ರೇಖಾಂಶ ಹಾಕಿ, ಪಶ್ಚಿಮಕ್ಕೆ ಹೋದಷ್ಟು ಅಂಶಕ್ಕೆ ತಲಾ 4 ನಿಮಿಷ ಕೂಡಿಸಿಕೊಳ್ಳಿ.

ಪ್ರಶ್ನೆ: 200 ಮಿ.ಮೀ. ಸೈನ್ ಬಾರಿನಲ್ಲಿ 12°30′ ಕೋನಕ್ಕೆ ಸ್ಲಿಪ್ ಗೇಜ್ ಎಷ್ಟು ಜೋಡಿಸಬೇಕು? ಮೇಸ್ತ್ರಿಗಳ ಲೆಕ್ಕಕ್ಕೂ ನನ್ನದಕ್ಕೂ ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ.
— ಐಟಿಐ ತರಬೇತಿದಾರ, ಹುಬ್ಬಳ್ಳಿ

ಉತ್ತರ: ಸೈನ್ ಬಾರಿನ ಒಂದು ತುದಿಯ ಕೆಳಗೆ ಇಡುವ ಸ್ಲಿಪ್ ಗೇಜುಗಳ (ನಿಖರ ದಪ್ಪದ ತುಂಡುಗಳು) ಎತ್ತರಕ್ಕೆ ಬಾರಿನ ಉದ್ದವನ್ನು ಕೋನದ ಸೈನ್‌ನಿಂದ ಗುಣಿಸಬೇಕು: 43.288 ಮಿ.ಮೀ. ನಿಮಗೆ 42.606 ಬಂದಿದ್ದರೆ ನೀವು 12.30 ಎಂದು ಒತ್ತಿದ್ದೀರಿ. 30 ನಿಮಿಷ ಎಂದರೆ 0.5 ಡಿಗ್ರಿ, 12.5 ಒತ್ತಬೇಕು. 12.30 ಡಿಗ್ರಿ ಎಂದರೆ 12°18′ ಆಗಿಬಿಟ್ಟು, ಕೆಲಸದ ತುಂಡಿನಲ್ಲಿ 12 ನಿಮಿಷದ ತಪ್ಪು ಉಳಿಯುತ್ತದೆ. ಡಿಗ್ರಿ-ನಿಮಿಷದ ಗುರುತಿರುವ ಕೀಲಿ ಕ್ಯಾಲ್ಕುಲೇಟರಿನಲ್ಲಿದ್ದರೆ 12, ಆ ಕೀಲಿ, 30, ಮತ್ತೆ ಆ ಕೀಲಿ. ಅಂದ ಹಾಗೆ ಮಷಿನ್ ಲೆವೆಲಿನ ಮೇಲೆ ‘0.02 ಮಿ.ಮೀ./ಮೀ.’ ಎಂದಿದ್ದರೆ ಅದೂ ಕೋನವೇ. ಮೀಟರಿಗೆ 1 ಮಿ.ಮೀ. ಎಂದರೆ 3 ನಿಮಿಷ 26 ಸೆಕೆಂಡು, 0.02 ಎಂದರೆ 4 ಸೆಕೆಂಡು ಚಿಲ್ಲರೆ.

ಪ್ರಶ್ನೆ: ರಸ್ತೆಯ ಏರು 100 ಪರ್ಸೆಂಟ್ ಎಂದರೆ ನೆಟ್ಟಗೆ 90 ಡಿಗ್ರಿಯೇ?
— ಗುತ್ತಿಗೆದಾರರು, ಚಿಕ್ಕಮಗಳೂರು

ಉತ್ತರ: ಅಲ್ಲ, 45 ಡಿಗ್ರಿ. ಪರ್ಸೆಂಟ್ ಎಂದರೆ ಅಡ್ಡಲಾಗಿ 100 ಹೋದರೆ ಎಷ್ಟು ಏರುತ್ತದೆ ಎಂಬುದು. ಕೋನ ಬೇಕಾದರೆ ಪರ್ಸೆಂಟನ್ನು 100ರಿಂದ ಭಾಗಿಸಿ ವಿಲೋಮ ಟ್ಯಾನ್ ಒತ್ತಬೇಕು. 12ಕ್ಕೆ 1ರ ಗಾಲಿಕುರ್ಚಿ ರ‍್ಯಾಂಪ್ 8.33 ಪರ್ಸೆಂಟ್, 4.76 ಡಿಗ್ರಿ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ರೈಲು ಹಳಿ 50ಕ್ಕೆ 1, ಅಂದರೆ 2 ಪರ್ಸೆಂಟ್, ಕೇವಲ 1°8′45″. ಸಣ್ಣ ಏರಿಗೆ ಪರ್ಸೆಂಟನ್ನು 0.573ರಿಂದ ಗುಣಿಸಿದರೆ ಸಾಕು. 10 ಪರ್ಸೆಂಟಿಗೆ 5.73 ಬರುತ್ತದೆ, ನಿಜವಾದದ್ದು 5.71. ಆದರೆ 30 ಪರ್ಸೆಂಟಿಗೆ 17.2 ಬಂದರೆ ನಿಜವಾದದ್ದು 16.7. ಅಲ್ಲಿಂದ ಮುಂದೆ ಈ ಅಡ್ಡದಾರಿ ಬೇಡ.

ಪ್ರಶ್ನೆ: ಎಕ್ಸೆಲ್ಲಿನಲ್ಲಿ ಸೈನ್ 180 ಹಾಕಿದರೆ ಮೈನಸ್ 0.80 ಬರುತ್ತದೆ. ದಿಕ್ಕಿನ ಕೋನವೂ ತಪ್ಪುತ್ತಿದೆ.
— ಡೇಟಾ ಎಂಟ್ರಿ ಉದ್ಯೋಗಿ, ಬೆಂಗಳೂರು

ಉತ್ತರ: ಎಕ್ಸೆಲ್‌ಗೆ ಮೋಡು ಇಲ್ಲ, ಅದಕ್ಕೆ ಗೊತ್ತಿರುವುದು ರೇಡಿಯನ್ ಒಂದೇ. ಡಿಗ್ರಿಯನ್ನು ಮೊದಲು ‘ರೇಡಿಯನ್ಸ್’ ಫಂಕ್ಷನ್ನಿನೊಳಗೆ ಹಾಕಿ, ಅದನ್ನು ಸೈನ್‌ಗೆ ಕೊಡಿ. ವಿಲೋಮ ಫಂಕ್ಷನ್ನುಗಳ ಉತ್ತರಕ್ಕೆ ‘ಡಿಗ್ರೀಸ್’ ಹೊದಿಸಿ. ಹೀಗೆ ಮಾಡಿದಾಗಲೂ ಸೈನ್ 180ಕ್ಕೆ ಸೊನ್ನೆಯ ಬದಲು ಪಾಯಿಂಟಿನ ನಂತರ ಹದಿನೈದು ಸೊನ್ನೆಗಳಿರುವ ಒಂದು ಸಣ್ಣ ಅಂಕಿ ಕಾಣಬಹುದು. ಪೈಯನ್ನು ಕಂಪ್ಯೂಟರ್ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕಲ್ಲ, ಅದರ ಉಳಿಕೆ ಅದು. ತಪ್ಪಲ್ಲ. ದಿಕ್ಕಿಗೆ ಬಳಸುವ ಎ-ಟ್ಯಾನ್-2 ಫಂಕ್ಷನ್ನಿಗೆ ಎಕ್ಸೆಲ್ಲಿನಲ್ಲಿ ಮೊದಲು ಎಕ್ಸ್, ಆಮೇಲೆ ವೈ ಕೊಡಬೇಕು. ಪೈಥಾನ್, ಸಿ ಭಾಷೆಗಳಲ್ಲಿ ಮೊದಲು ವೈ, ಆಮೇಲೆ ಎಕ್ಸ್. ಅಲ್ಲಿನ ಸೂತ್ರವನ್ನು ಇಲ್ಲಿಗೆ ಹಾಗೇ ತಂದರೆ ಅದಲುಬದಲಾಗುತ್ತದೆ.

ಪ್ರಶ್ನೆ: ಮಕ್ಕಳಿಗೆ ರೇಡಿಯನ್ ಮತ್ತು ಡಿಗ್ರಿಯ ನಂಟನ್ನು ಉಪಕರಣವಿಲ್ಲದೆ ತೋರಿಸುವ ದಾರಿ ಇದೆಯೇ?
— ಪ್ರೌಢಶಾಲಾ ಶಿಕ್ಷಕಿ, ರಾಯಚೂರು

ಉತ್ತರ: ಒಂದು ಸ್ಕೇಲು, ಒಂದು ದಾರ ಸಾಕು. 30 ಸೆಂ.ಮೀ. ಸ್ಕೇಲಿನ ನಡುವಿಗೆ ದಾರ ಕಟ್ಟಿ, 57.3 ಸೆಂ.ಮೀ.ಗೆ ಗಂಟು ಹಾಕಿ. ಗಂಟನ್ನು ಕಣ್ಣಿನ ಕೆಳಗೆ ಕೆನ್ನೆಗೆ ಒತ್ತಿ ಹಿಡಿದು, ದಾರ ಬಿಗಿಯಾಗುವಷ್ಟು ದೂರಕ್ಕೆ ಸ್ಕೇಲನ್ನು ಅಡ್ಡ ಹಿಡಿಯಲಿ. ತ್ರಿಜ್ಯ 57.3 ಸೆಂ.ಮೀ. ಇದ್ದಾಗ 57.3 ಸೆಂ.ಮೀ. ಕಂಸಕ್ಕೆ ಒಂದು ರೇಡಿಯನ್, ಅಂದರೆ 57.3 ಡಿಗ್ರಿ. ಹಾಗಾಗಿ ಸ್ಕೇಲಿನ ಪ್ರತಿ ಸೆಂಟಿಮೀಟರೂ ಒಂದು ಡಿಗ್ರಿ, ಪ್ರತಿ ಮಿಲಿಮೀಟರೂ 6 ನಿಮಿಷ. ಸಂಜೆ ಹುಣ್ಣಿಮೆ ಚಂದ್ರನಿಗೆ ಹಿಡಿದರೆ ಸುಮಾರು 5 ಮಿ.ಮೀ., ಅರ್ಧ ಡಿಗ್ರಿ. ದಿಗಂತದಲ್ಲಿ ದೊಡ್ಡದಾಗಿ ಕಂಡ ಚಂದ್ರ ನೆತ್ತಿಗೆ ಬಂದಾಗಲೂ ಅಷ್ಟೇ ಇರುವುದನ್ನು ಮಕ್ಕಳೇ ಅಳೆದು ನೋಡುತ್ತಾರೆ. ಚಳಿಗಾಲದಲ್ಲಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರಗಳ ತುದಿಯಿಂದ ತುದಿಗೆ 2.7 ಸೆಂ.ಮೀ. ಬರಬೇಕು. ಸೂರ್ಯನಿಗೆ ಮಾತ್ರ ಎಂದೂ ಹಿಡಿಯಕೂಡದು.

ಸ್ಕೇಲು ನೇರ, ಕಂಸ ಬಾಗಿದ್ದು ಎಂಬುದನ್ನೂ ತಿಳಿಸಿ. ನಡುವಿನಿಂದ 5 ಸೆಂ.ಮೀ.ವರೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ತುದಿಯ 15ನೇ ಸೆಂ.ಮೀ.ನಲ್ಲಿ ನಿಜವಾದ ಕೋನ 15 ಡಿಗ್ರಿಯಲ್ಲ, 14.67. ಬಳುಕುವ ಪ್ಲಾಸ್ಟಿಕ್ ಸ್ಕೇಲಿದ್ದರೆ ಎರಡು ತುದಿಗೂ ಅಷ್ಟೇ ಉದ್ದದ ದಾರ ಕಟ್ಟಿ, ಮೂರು ದಾರಗಳನ್ನೂ ಒಂದೇ ಗಂಟಿಗೆ ಸೇರಿಸಿ ಎಳೆದರೆ ಸ್ಕೇಲು ತಾನಾಗಿ ಬಾಗಿ ಆ ವ್ಯತ್ಯಾಸವೂ ಹೋಗುತ್ತದೆ.